ಸಣ್ಣ ಚೌಕಳಿ ಬೇಡ

ಸಣ್ಣ ಚೌಕಳಿ ಬೇಡ, ಅಂತೀನಿ ಫೋನಿನಲ್ಲಿ.
ಚಿತ್ರದೊಳಗೆ ಅದು ಇರುವೆ ಸಾಲಿನಂಗೆ ಹರಿದಾಡ್ತದೆ,
ನೋಡೋರ ಕಣ್ಣು ಮುಖ ಬಿಟ್ಟು ಅಂಗಿ ಮೇಲೆ ಕೂರ್ತದೆ.
ಹಾಲುಬಿಳಿ ಬೇಡ, ಒಣಕೊಬ್ಬರಿ ಬಿಳಿಯಾದರೆ ಸರಿ.
ಹಸಿರು ಉಟ್ಟು ಬರಬೇಡಿ, ನನ್ನ ಪರದೆಯೂ ಹಸಿರೇ,
ಬರೀ ತಲೆ ತೇಲ್ತದೆ
ನಾಲೆಗೆ ಬಿದ್ದ ತೆಂಗಿನಕಾಯಿ ಥರ.

ಕ್ಷೌರ ನಾಲ್ಕು ದಿನ ಮುಂಚೆಯೇ ಮುಗಿಸಿ.
ಅವತ್ತೇ ಕತ್ತರಿಸಿದ ತಲೆ ಅಂದ್ರೆ
ಕಬ್ಬು ಕಡಿದ ಮಾರನೇ ದಿನದ ಗದ್ದೆ;
ಕೂಳೆ ಒಸಿ ಚಿಗುರಲಿ.
ಪೌಡರು ಕುತ್ತಿಗೆಗೂ ಹಚ್ಚಿ,
ಮುಖ ಒಂದೂರು ಕುತ್ತಿಗೆ ಇನ್ನೊಂದೂರು ಆಗಬಾರದು.
ಕನ್ನಡಕ ದಿನಾ ಹಾಕೋರು ಹಾಕಿಕೊಂಡೇ ಬನ್ನಿ,
ತೆಗೆದರೂ ಮೂಗಿನ ಮೇಲಿನ ಎರಡು ಕುಳಿ
ಎಲ್ಲ ಹೇಳಿಬಿಡ್ತವೆ.
ಹೊಸ ಸೀರೆಯಾದರೆ ಒಂದು ಸಲ ನೀರಿಗೆ ಹಾಕಿ,
ಗಂಜಿ ಬಿಡದ ಸೀರೆಯೊಳಗೆ ಹೆಂಗಸರು
ರಟ್ಟಿನ ಡಬ್ಬಿಯಲ್ಲಿ ಇಟ್ಟಂಗೆ ಕೂರ್ತಾರೆ.
ಎರವಲು ಒಡವೆ ಬೇಡ ಅನ್ನಬೇಕು ಅನ್ನಿಸ್ತದೆ. ಅನ್ನಲ್ಲ.
ಕೈ ಮಾತ್ರ ಹೋಗಿ ಹೋಗಿ ಅದನ್ನೇ ಮುಟ್ಟಿ ನೋಡ್ತಿರ್ತದೆ.

ಇಪ್ಪತ್ತಾರು ವರ್ಷ, ಮಂಡ್ಯದ ಪೇಟೆ ಬೀದಿ,
ಕೆಳಗೆ ಬೆಲ್ಲದ ಮಂಡಿ, ಮೇಲೆ ನಾನು.
ಹೇಳಿ ಹೇಳಿ ಬಾಯಿ ಸವೆದಿದೆ,
ಬರೋರು ಚೌಕಳಿ ಹಾಕಿಕೊಂಡೇ ಬರ್ತಾರೆ.
ಅದಕ್ಕೇ ಮೊಳೆಗೆ ಒಂದು ಕೋಟು ತೂಗುಹಾಕಿದ್ದೀನಿ.
ಕಡುನೀಲಿ.
ಮದ್ದೂರಿನ ವಧುಪರೀಕ್ಷೆಗೂ ಅದೇ, ಪಾಂಡವಪುರದ ಪರೀಕ್ಷೆಗೂ ಅದೇ,
ಸಣಕಲಿಗೆ ಹಿಂದಿನಿಂದ ಬಟ್ಟೆ ಒಣಹಾಕೋ ಕ್ಲಿಪ್ಪು ಸಿಗಿಸ್ತೀನಿ.
ಕ್ಯಾಮರಾಕ್ಕೆ ಬೆನ್ನು ಕಾಣಲ್ಲ.

ಹೋದ ಭಾನುವಾರ ಇಂದ್ರಾಣಿ ಅಂತ ಒಬ್ಬಳು,
ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸಿನವಳು,
ಹೇಳಿದ್ದೆಲ್ಲ ಮಾಡಿಕೊಂಡೇ ಬಂದಳು.
ಒಂದು ಸಲ ಒಗೆದ ಇಟ್ಟಿಗೆ ಬಣ್ಣದ ಸೀರೆ,
ಸಣ್ಣ ಅಂಚು, ಕಿವಿಗೆ ತನ್ನವೇ ಓಲೆ.
ಯಾವುದಕ್ಕಮ್ಮ ಫೋಟೊ, ಅಂದೆ, ಅಳತೆ ಕೇಳೋ ನೆಪದಲ್ಲಿ.
"ಯಾವುದಕ್ಕೂ ಇಲ್ಲ. ಮೂವತ್ತೆಂಟು ತುಂಬ್ತು.
ಕೊರಳಿಗೆ ಹಾಕ್ಕಳೋ ಕಾರ್ಡಿಂದು ಬಿಟ್ರೆ ಇನ್ನೊಂದಿಲ್ಲ.
ಮದುವೇದು ನೀರು ಕುಡೀತು."

ಕೂರಿಸಿದೆ. ದೀಪ ಹಾಕಿದೆ. ಇಲ್ಲಿ ನೋಡಿ, ಅಂದೆ.
ನೋಡಿದ್ದು ಕ್ಯಾಮರಾ ಅಲ್ಲ, ನನ್ನ ಕತ್ತು.
"ಒಸಿ ತಡೀರಣ್ಣ" ಅಂತ ಎದ್ದೇ ಬಂದಳು.
"ಎಡಗಡೆ ಕಾಲರ್ ಬಿಟ್ಕಂಡದೆ. ಯಾರೂ ಯೋಳ್ನಿಲ್ವಾ?
ಹದಿಮೂರು ವರ್ಸ ಕಾಲರ್ ಸೆಕ್ಸನ್ನು ನಾನು,
ಗಂಟೆಗೆ ಎಪ್ಪತ್ತು, ಯಾರ್ಯಾರ ಕುತ್ಗೆಗೋ."
ಪರ್ಸಿನಿಂದ ಸೂಜಿ ಬಂತು, ಬಿಳೀ ದಾರ ಬಂತು.
ಮೈಮೇಲಿರುವಾಗ ಹೊಲೀಬಾರದು ಅಂತಾರೆ, ಅಂದೆ.
"ಅಂತಾರೆ" ಅಂದಳು.
"ಗದ್ದ ಎತ್ತಿ. ಒಸಿ ಬಲಕ್ಕೆ. ಅಳ್ಳಾಡ್ಬೇಡಿ."

ಇಪ್ಪತ್ತಾರು ವರ್ಷದ ನನ್ನ ಮಾತು ನನ್ನ ಮೇಲೇ ಬಿತ್ತು.
ಗದ್ದ ಎತ್ತಿ ನಿಂತವನಿಗೆ ಛಾವಣಿ ಕಂಡಿತು,
ಜೇಡ ಕಂಡಿತು,
ಗಿರಾಕಿಗಳು ಇಷ್ಟು ಕಾಲ ನೋಡಿದ್ದು ಇದನ್ನೇ.
ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ದಾರ ಹಲ್ಲಲ್ಲಿ ಕಡಿದಳು.
ಹಂಗೇ ಕೂತುಬಿಡಿ, ಸೂಜಿ ಕೈಲೇ ಇರಲಿ,
ಚೆನ್ನಾಗಿ ಬರ್ತದೆ, ಅಂದೆ.
"ಬ್ಯಾಡಿ. ವಾರಕ್ಕಾರು ದಿನ ಅದೇಯ."
ಸೂಜಿ ಪರ್ಸಿಗೆ ಹೋಯಿತು, ಪರ್ಸು ಪರದೆ ಹಿಂದೆ.
ತೊಡೆ ಮೇಲೆ ಎರಡು ಕೈ
ಕೆಲಸ ಬಿಟ್ಟು ಕೂತವು.

ಈಗ ಮತ್ತೆ ಫೋನು. ಮಳವಳ್ಳಿಯ ರಿಟೈರ್ಡ್ ಮೇಷ್ಟ್ರು.
ಸಣ್ಣ ಚೌಕಳಿ ಬೇಡ, ಅಂತೀನಿ,
ಹೊರಡೋ ಮುಂಚೆ ಕಾಲರ್ ಹೊಲಿಗೆ ನೋಡಿಕೊಳ್ಳಿ.
ಆಯ್ತು, ಕೈ ಏನು ಮಾಡಬೇಕು, ಅಂತಾರೆ.
ಏನೂ ಬೇಡ ಸಾರ್.
ಅವಕ್ಕೆ ಏನೂ ಹೇಳಬೇಡಿ.