ಕ್ಷುಲ್ಲಕ ಕಾರಣ

ಇಪ್ಪತ್ತೆರಡು ವರ್ಷದಿಂದ ಠಾಣೆಯ ರೈಟರ್ ನಾನು.
ಹಾರವಾಡದ ಶಾಲೆಯಲ್ಲಿ ಕಲಿತ ಕನ್ನಡ ಬೇರೆ,
ಇಲ್ಲಿ ಕೈಗೆ ಹತ್ತಿದ ಕನ್ನಡ ಬೇರೆ:
ಸದರಿ ಇಸಮು, ಸದರಿ ಸ್ಥಳ,
ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು,
ಕ್ಷುಲ್ಲಕ ಕಾರಣಕ್ಕೆ.
ನಿದ್ದೆಯಲ್ಲೂ ಬರೆದೇನು.

ಹೋದ ವರ್ಷ, ಬಂದ್ ಮುಗಿದು ಬೋಟುಗಳು ಇಳಿದ ವಾರ
ಬೈತಖೋಲದ ಐಸ್ ಪ್ಲಾಂಟಿನಿಂದ ಮಧುಮತಿ ಬಂದಿದ್ದಳು,
ಮಣಿಕಟ್ಟು ಊದಿ, ಮೊಟ್ಟೆ ತುಂಬಿದ ಬಂಗಡೆಯ ಹಾಗೆ.
ಆಧಾರ್ ಕೇಳಿದೆ. ಅದರಲ್ಲಿದ್ದ ಹೆಸರು ಕೂಗಿದೆ,
ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.
ರಾತ್ರಿ ಹತ್ತಕ್ಕೆ ಅಲ್ಲೆಂತ ಕೆಲಸ ನಿಂಗೆ, ಎಂದೆ.
ಐಸು ಒಡೀತಿದ್ದೆ ಅಕ್ಕ, ಎಂದಳು. ಪಾಳಿ ಇತ್ತು.
ಬರೆದೆ: ಕ್ಷುಲ್ಲಕ ಕಾರಣಕ್ಕೆ ತಳ್ಳಾಟ.
ಹುಡುಗರನ್ನು ಕರೆಸಿ, ಚಹಾ ತರಿಸಿ,
ಎರಡೂ ಕಡೆ ಸಹಿ ಹಾಕಿಸಿ ರಾಜಿ ಮಾಡಿದೆ.
ಸ್ವೀಕೃತಿ ಕೊಡಲಿಲ್ಲ. ಅವಳು ಕೇಳಲೂ ಇಲ್ಲ.
ನನಗೆ ಬೇಗ ಹೋಗುವುದಿತ್ತು, ಮನೆಗೆ ನೊಗಲಿ ತಂದಿದ್ದರು.

ಇವತ್ತು ಮತ್ತೆ ಬಂದಿದ್ದಾಳೆ.
ತಲೆಗೆ ಟವೆಲು. ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆ.
ಕೊಟ್ಟೆಯೊಳಗೆ ಅವಳ ಜಡೆ.
ಬಲೆ ಕೊಯ್ಯುವ ಚೂರಿಯಲ್ಲಿ ಕೊಯ್ದರಂತೆ,
ಅದೇ ಮೂವರು, ಅದೇ ಗೇಟಿನ ಹತ್ತಿರ,
ಒಬ್ಬ ಮೊಬೈಲು ಹಿಡಿದು ನಗುತ್ತಿದ್ದನಂತೆ.

ಸಾಹೇಬರು ಬಾಗಿಲಿಂದಲೇ: ಎನ್‌ಸಿ ಹಾಕಿ ಕಳಿಸಿ ಮೇಡಂ,
ನಾಳೆ ಮಂತ್ರಿಗಳ ಬಂದೋಬಸ್ತು.
ನಾನು ಹೂಂ ಎಂದೆ. ಪೆನ್ನೂ ಹೂಂ ಎಂದಿತು.
ಅವಾಚ್ಯ ಶ... ಅಲ್ಲಿವರೆಗೆ ಬರೆದೂ ಆಗಿತ್ತು.

ಅಕ್ಕ, ಯಾವ ಶಬ್ದ ಅಂತ ಕೇಳೂದಿಲ್ಲವಾ?

ಅವಾಚ್ಯ ಅಂದರೆ ಬಾಯಲ್ಲಿ ಆಡಬಾರದ್ದು.
ಆಡಿದ್ದು ಅವರು.
ಆಡಬಾರದ್ದೆಂದು ಮುಚ್ಚಿಟ್ಟಿದ್ದು ನಾನು.
ಆ ಶಬ್ದದೊಳಗೇ ಇತ್ತು ಕಾರಣ.
ಅದನ್ನು ಬಗೆದು ಹೊರಗೆಸೆದು ಖಾಲಿ ಚಿಪ್ಪಿಗೆ
ಕ್ಷುಲ್ಲಕ ಎಂದು ಹೆಸರಿಟ್ಟಿದ್ದೆ
ಎಷ್ಟು ಹಾಳೆಗಳಲ್ಲಿ, ಎಷ್ಟು ಜನರದ್ದು.

ಹೇಳು, ಎಂದೆ.
ಹೇಳಿದಳು. ಮೂರಕ್ಷರ.
ಸಣ್ಣಕ್ಕನ ಮಗ ನಡೆಯುವ ರೀತಿ ನೋಡಿ
ದೀಪಾವಳಿಯ ದಿನ ಊಟದ ನಡುವೆ
ನಾನೂ ನಗುತ್ತ ಅಂದದ್ದು ಅದನ್ನೇ.
ಆಮೇಲೆ ಅವನು ನಮ್ಮ ಮನೆಗೆ ಬಂದಿಲ್ಲ.
ಇಲ್ಲಿ ಬರೆಯುವುದಿಲ್ಲ. ಅಲ್ಲಿ ಬರೆದೆ,
ಒತ್ತಿ, ಕಾರ್ಬನ್ನಿನ ಕೆಳಗೂ ಮೂಡುವಂತೆ.

ಹೆಸರು: ಮಧುಮತಿ.
ಲಿಂಗದ ಕಾಲಮ್ಮಿಗೆ ಬಂದಾಗ ಊಹಿಸಲಿಲ್ಲ, ಕೇಳಿದೆ.
ಕೇಳಿದರೆ ಹೇಳುತ್ತಾರೆ ಜನ. ಇಷ್ಟೇ ಇತ್ತು.

ಪಂಚರು ಸಿಗಲಿಲ್ಲ.
ಎದುರಿನ ಚಹದವ ಹಾಲು ಮುಗಿಯಿತೆಂದು ಶಟರ್ ಎಳೆದ.
ಮೀನು ಮಾರಿ ಹೊರಟಿದ್ದ ಶೇವಂತಿ ಹರಿಕಂತ್ರ
ಬುಟ್ಟಿ ಇಳಿಸಿ ಒಳಗೆ ಬಂದು,
ಜಡೆ ಯಾರದ್ದಾದ್ರೂ ಜಡೆಯೇ ಅಲ್ಲವನೇ, ಎಂದು
ಹೆಬ್ಬೆಟ್ಟು ಒತ್ತಿದಳು. ಶಾಯಿಗೆ ಒಂದು ಹುರುಪೆ ಅಂಟಿತು.
ಜಪ್ತಿ ವಸ್ತು ಒಂದು:
ಜಡೆ, ಉದ್ದ ಹದಿನೇಳು ಅಂಗುಲ, ತುದಿಗೆ ಕೆಂಪು ರಬ್ಬರ್,
ನಡುವೆ ಬಾಡಿದ ಅಬ್ಬಲಿಗೆ ಎರಡು.

ನಿಯಮದಂತೆ ಓದಿ ಹೇಳಬೇಕು.
ಗಟ್ಟಿಯಾಗಿಯೇ ಓದಿದೆ. ಆ ಶಬ್ದ ಬಂದಲ್ಲಿ
ಪೇದೆ ಬೀರಪ್ಪನ ಶೇಂಗಾ ಸುಲಿಯುವ ಸದ್ದು ನಿಂತಿತು.
ಸಾಹೇಬರು ತಲೆ ಎತ್ತಿದರು.
ನಾಳೆ ನನ್ನನ್ನು ಮಾಜಾಳಿ ಗಡಿಯ ಚೆಕ್‌ಪೋಸ್ಟಿಗೆ ಹಾಕಿಯಾರು.
ಹಾಕಲಿ, ಅಲ್ಲಿ ಗಾಳಿ ಚೆನ್ನಾಗಿದೆ.

ಓದಿ ಹೇಳಲಾಗಿ ಸರಿ ಇರುತ್ತದೆ, ಎಂದು ಬರೆದು
ಪ್ರತಿಯನ್ನು ಅವಳ ಕೈಗೆ ಕೊಟ್ಟೆ. ಮಡಚಲಿಲ್ಲ ಅವಳು.
ಇದು ಸರಿ ಅಕ್ಕ, ಎಂದಳು.
ಹೋದ ವರ್ಷದ್ದು?

ಹೊರಗೆ ಐಸಿನ ಲಾರಿ ನೀರು ಸುರಿಸುತ್ತ ಹೋಯಿತು.
ಕಪಾಟು ನನ್ನ ಬೆನ್ನಿಗೇ ಇದೆ.
ಬೀಗದ ಕೈ ನನ್ನ ಸೊಂಟದಲ್ಲಿ.