ನಾಲ್ಕನೇ ಮರದ ಡಬ್ಬಿ

ಮಾನಸಗಂಗೋತ್ರಿಯ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ
ಗಾಜು ತೊಳೆಯುವುದು ನನ್ನ ಕೆಲಸ, ಇಪ್ಪತ್ತಾರು ವರ್ಷದಿಂದ.
ಮೊನ್ನೆ ಫ್ರಿಜ್ಜಿನಲ್ಲಿ ಪಕ್ಕಪಕ್ಕ ಎರಡು ಡಬ್ಬಿ.
ಒಂದರ ಚೀಟಿ: ಅಂಟಾರ್ಕ್ಟಿಕಾ, ಪೆಂಗ್ವಿನ್ ನೆಲೆ.
ಇನ್ನೊಂದರದು ನನ್ನ ಹೆಂಡತಿಯ ಊರು:
ಕೊಕ್ಕರೆ ಬೆಳ್ಳೂರು, ಹುಣಿಸೆ, ಮರ ನಾಲ್ಕು, ಬುಡ.

ಮರ ನಾಲ್ಕು ಅಂದರೆ ಅತ್ತೆಯ ಹಿತ್ತಿಲದ್ದು.
ಅದಕ್ಕೆ ಸೊಟ್ಟಮ್ಮ ಅಂತ ಹೆಸರಿದೆ.

ಅನಸೂಯಾ ಮೇಡಂ ಕುರ್ಚಿ ಬಿಟ್ಟುಕೊಟ್ಟು
ನೋಡಿ ಮರೀಗೌಡ್ರೇ, ಅಂದರು.
ಕಣ್ಣಿಟ್ಟೆ.
ಹಿಮದ ನಾಡಿನ ಮಣ್ಣಲ್ಲಿ ಸುಕ್ಕುಸುಕ್ಕು ಹಸಿರು ಹಾಳೆ,
ಒಣಗಿದ ಕೊತ್ತಂಬರಿ ನೀರಲ್ಲಿ ನೆಂದ ಹಾಗೆ.
ಅಲ್ಲಿ ಮರ ಅನ್ನೋ ಮಾತೇ ಇಲ್ಲವಂತೆ.
ಕಡಲ ಮೀನು ಹಕ್ಕಿಯ ಹೊಟ್ಟೆ ಹತ್ತಿ ದಡಕ್ಕೆ ಬಂದು
ಹಿಕ್ಕೆಯಾಗಿ ಬಿದ್ದ ಆಸುಪಾಸಿನಲ್ಲಿ ಈ ಪಾಚಿ.
ನಮ್ಮ ಡಬ್ಬಿಯದು ಬೇರೆ ಜಾತಿ,
ಮಣಿ ಪೋಣಿಸಿದ ದಾರದ ತುಂಡು,
ಅದೂ ಅಲ್ಲೊಂದು ಇಲ್ಲೊಂದು.

ಆಮೇಲೆ ಗೋಡೆಯ ನಕ್ಷೆ ತೋರಿಸಿದರು.
ಗೂಡಿಗೆ ತೀರ ಹತ್ತಿರ ಗಟ್ಟಿಪಿಂಡಗಳು, ಒಂದೋ ಎರಡೋ.
ಹತ್ತು ಮಾರು ಆಚೆ ಸಂತೆ ನೆರೆದಂತೆ.
ಇನ್ನೂ ಆಚೆ ಬರೀ ಕಲ್ಲು.
ಈ ಗೆರೆ ಎಳೆಯೋಕೆ ಮೂರು ವರ್ಷ ಆಯ್ತು, ಅಂದರು.
ನಾನು ಮಾತಾಡದೆ ಪೆಟ್ರಿ ತಟ್ಟೆ ತೊಳೆದೆ.

ಮದುವೆಯಾದ ವರ್ಷ, ಅಳಿಯನ ಉಮೇದು,
ಹೆಜ್ಜಾರ್ಲೆ ಹಿಕ್ಕೆ ಮಂಕರಿಗಟ್ಟಲೆ ಹೊತ್ತು
ಹಸಿಹಸಿಯಾಗೇ ಬದನೆ ಪಾತಿಗೆ ಸುರಿದಿದ್ದೆ.
ನಾಲ್ಕೇ ದಿನ. ಗಿಡವೆಲ್ಲ ಕರಕಲು.
ಅತ್ತೆ ಪುಟ್ಟಚೆನ್ನಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು,
"ಒಳ್ಳೇದು ಅಂತ ಒಂದೇ ಕಡೆ ಸುರೀತಾರ?
ಕೆರೆಗೋಡು ಬೆರೆಸಪ್ಪ. ಒಂದು ಮಳೆ ಕುಡೀಲಿ.
ಸೊಟ್ಟಮ್ಮನ ಬುಡ ನೋಡು, ಏನಿದ್ದದು ಅಲ್ಲಿ?
ನೆರಳು ಮುಗಿಯೋ ಕಡೆ ಹೋಗಿ ನೋಡು, ಜಾರ್ತದೆ."

ಅಲ್ಲೇ ಜಾರಿದಳು, ಮರುವರ್ಷ ಜೂನಿನಲ್ಲಿ,
ಹಕ್ಕಿಗಳು ಹೋಗಿ ಗೂಡು ಖಾಲಿಯಾದ ವಾರ.
ಹದಿನೈದು ದಿನ ಮಲಗಿದವಳು ಪಾಚಿಗೆ ಬೈಯಲಿಲ್ಲ.
ಈ ಸಲ ಶಿಂಷೇಲಿ ಮೀನು ಜೋರಾಗಿತ್ತು ಕಣೋ,
ಅಂದಳು, ಗೋಡೆಯ ಕಡೆ ಹೊರಳಿ.

ಸಂಜೆ ಬೀಗ ಹಾಕುವ ಮುನ್ನ
ಎರಡೂ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ.
ಮೂಸಬಾರದು, ನಿಯಮವಿದೆ.
ಒಂದೇ ನಾತ.
ನಾಲ್ಕನೇ ಮರದ ಚೀಟಿಯ ಮೂಲೆಯಲ್ಲಿ
ಪೆನ್ಸಿಲಿನಿಂದ ಸಣ್ಣಗೆ
ಸೊಟ್ಟಮ್ಮ ಅಂತ ಬರೆದಿಟ್ಟೆ.