ಪಾಳಿ ಒಪ್ಪಿಸುವ ಮುನ್ನ

ಇಸ್ಮೇನಿಯಾ,
ಹತ್ತಿದವರು ಇನ್ನೂರ ಹನ್ನೊಂದು, ಇಳಿದವರು ನೂರ ಎಂಬತ್ತು.
ಹಗ್ಗಕ್ಕೆ ಗ್ರೀಸು ಹಚ್ಚಿದ್ದೇನೆ. ಎಡಗಾಡಿಯ ಬಾಗಿಲು
ಎಂದಿನಂತೆ, ಒದ್ದರೆ ಮಾತ್ರ ಮುಚ್ಚುತ್ತದೆ.
ವಾಲ್ಪರೈಸೊ ಬಂದರು ಸಂಜೆಯಿಂದ ಮಂಜಿನೊಳಗೆ.
ಹಡಗು ಕಾಣುತ್ತಿಲ್ಲ, ಅವುಗಳ ಕೂಗು ಮಾತ್ರ
ಟಿಕೆಟ್ಟಿಲ್ಲದೆ ಗುಡ್ಡ ಹತ್ತಿ ಬರುತ್ತಿದೆ.

ಇದಕ್ಕೆಲ್ಲ ಈ ಪುಸ್ತಕದಲ್ಲಿ ಕಲಮುಗಳಿವೆ.
ಪೆರ್ನೋಗೆ ಇಲ್ಲ. ಅವನನ್ನು ಅಂಚಿನಲ್ಲಿ ಬರೆಯುತ್ತೇನೆ.

ಸೋಮವಾರ ಅವನು ಮರಳಿನ ಡಬ್ಬಕ್ಕೆ ಹೋದ, ಬಂದ, ಮತ್ತೆ ಹೋದ.
ಬೆನ್ನು ಬಿಲ್ಲಾಗಿಸಿ ಕೂತ. ಒಂದು ಹನಿಯಿಲ್ಲ.
ಹೊಟ್ಟೆ ಕಟ್ಟಿರಬೇಕು ಅಂದುಕೊಂಡು
ಒಂದು ಚಮಚ ಎಣ್ಣೆ ಕುಡಿಸಿದೆ.
ಯಂತ್ರದವನ ಬುದ್ಧಿ:
ಸಿಕ್ಕಿಕೊಂಡದ್ದಕ್ಕೆಲ್ಲ ಎಣ್ಣೆ.

ಮೂವತ್ತೊಂದು ವರ್ಷ ಈ ರಾಟೆಯ ಪಕ್ಕ ಕೂತವನು ನಾನು,
ಬೇರಿಂಗು ಕುಂಯ್ ಅಂದರೆ ನಿದ್ದೆಯಲ್ಲೂ ಎದ್ದೇನು.
ಆದರೆ ಬೆಕ್ಕು ಕೆಟ್ಟರೆ ಹೊಸ ಸದ್ದು ಮಾಡುವುದಿಲ್ಲ,
ಇದ್ದ ಸದ್ದುಗಳನ್ನೇ ಒಂದೊಂದಾಗಿ ನಿಲ್ಲಿಸುತ್ತದೆ.
ಮೊದಲು ಬಟ್ಟಲಿನದು,
ಆಮೇಲೆ ಮೈ ನೆಕ್ಕಿಕೊಳ್ಳುವುದು,
ಕಡೆಗೆ, ನಾನು ಬೀಗ ತೆಗೆದಾಗ
ಮೋಟರಿನ ಬೆಚ್ಚನೆ ಬೆನ್ನಿಂದ ಧೊಪ್ಪನೆ ಧುಮುಕುವುದು.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ.
ಈ ಸಲ ಕಣ್ಣು ಮುಚ್ಚಿದ್ದವನು ನಾನು,
ಹಾಲು ಬಟ್ಟಲಲ್ಲಿ ಹಾಗೇ ಇತ್ತು.

ಮಂಗಳವಾರ ಬೆಳಗಿನ ಜಾವ ಒಮ್ಮೆ ಕೂಗಿದ.
ಅದು ಬೆಕ್ಕಿನ ದನಿಯಾಗಿರಲಿಲ್ಲ.
ಜಾಕೀಟಿನೊಳಗೆ ಅವನನ್ನು ಹಾಕಿಕೊಂಡು ಗಾಡಿ ಹತ್ತಿ ಕೂತೆ,
ಕೂತ ಮೇಲೆ ನೆನಪಾಯಿತು
ಗಾಡಿ ಬಿಡಬೇಕಾದವನು ನಾನೇ.
ನೂರ ಅರವತ್ತೆರಡು ಮೆಟ್ಟಿಲು.
ಅಷ್ಟಿವೆ ಅಂತ ಅವತ್ತೇ ಗೊತ್ತಾದದ್ದು.

ಡಾಕ್ಟರ್ ಯಾಸ್ನಾ ಹೊಟ್ಟೆ ಮುಟ್ಟಿ ನನ್ನ ಬೆರಳನ್ನೂ ಅಲ್ಲಿಟ್ಟಳು:
ಒಳಗೊಂದು ನಿಂಬೆಕಾಯಿ, ಗಟ್ಟಿ.
"ಗಂಡು ಬೆಕ್ಕು, ಸಣ್ಣ ದಾರಿ, ಹರಳು ಕಟ್ಟಿದೆ.
ಇನ್ನೊಂದು ರಾತ್ರಿ ಕಳೆದಿದ್ದರೆ"
ಎಂದವಳು ಮಾತು ಮುಗಿಸದೆ ಕೊಳವೆ ಕೈಗೆತ್ತಿಕೊಂಡಳು.

ಈ ರಾತ್ರಿ ಅವನು ನಿನ್ನವನು.
ಮರಳು ನೋಡು. ಮುದ್ದೆಗಟ್ಟಿದ್ದರೆ ಗಾತ್ರ ಬರೆ,
ನೂರು ಪೆಸೊ ನಾಣ್ಯದಷ್ಟೋ, ಮೊಟ್ಟೆಯಷ್ಟೋ.
ಎರಡು ಸಲ ಕೂತು ಬರಿದೇ ಎದ್ದರೆ
ಮೂರನೆಯದಕ್ಕೆ ಕಾಯಬೇಡ.
ಡಾಕ್ಟರು ಕೊಟ್ಟ ಡಬ್ಬಿಯದನ್ನು ನೀರಲ್ಲಿ ಕಲಸಿ ಬೆಚ್ಚಗೆ ಮಾಡು.
ವಾಸನೆ ಏಳದಿದ್ದರೆ ಅದು ಅವನಿಗೆ ಊಟವೇ ಅಲ್ಲ.
ತುಟಿ ಸರಿಸಿ ಒಸಡು ನೋಡು. ಗುಲಾಬಿಯಾದರೆ ಸರಿ,
ಸುಣ್ಣದಂತಿದ್ದರೆ, ಅರಿಶಿನದಂತಿದ್ದರೆ, ಫೋನು ಮಾಡು.
ಬಾಯಿ ತೆರೆದು ಉಸಿರಾಡಿದರೆ ಫೋನೂ ಬೇಡ,
ಗಾಡಿ ನಿಲ್ಲಿಸು, ಓಡು. ಜನ ಬೈಯಲಿ.
ಹೆಗಲ ತೊಗಲು ಎತ್ತಿ ಬಿಡು:
ಡೇರೆಯಂತೆ ನಿಂತೇಬಿಟ್ಟರೆ ಮೈಯಲ್ಲಿ ನೀರಿಲ್ಲ.
ನಿನ್ನ ತಲೆನೋವಿನ ಮಾತ್ರೆಯಲ್ಲಿ ಕಾಲು ಚೂರೂ ಕೊಡಬೇಡ,
ನಿನ್ನನ್ನು ಉಳಿಸುವುದು ಅವನನ್ನು ಕೊಲ್ಲುತ್ತದೆ.
ಅವನ ಮಾತ್ರೆಗೆ ಮೊದಲು ಟವೆಲ್ಲು, ಕತ್ತಿನವರೆಗೂ ಸುತ್ತಿ.
ನನ್ನ ಬಲಗೈ ನೋಡಿದ್ದೀಯಲ್ಲ.

ಇನ್ನೊಂದು.
ಗುರುಗುರು ಅಂದನೆಂದು ನೆಮ್ಮದಿಯಾಗಬೇಡ.
ನೋವಿಗೂ ಅದೇ ಸದ್ದಂತೆ, ಸುಖಕ್ಕೂ ಅದೇ.
ಯಾವುದು ಯಾವುದೆಂದು
ಕಿವಿಯಿಂದ ತಿಳಿಯುವುದಿಲ್ಲ, ಪಕ್ಕದಲ್ಲಿ ಕೂರಬೇಕು.

ನಾಲ್ಕರ ಹೊತ್ತಿಗೆ ಮೋಟರಿನ ಕೆಳಗೆ ಬಂದು ಮೇಲೆ ನೋಡುತ್ತಾನೆ.
ಹಾರಲು ಇನ್ನೂ ಆಗದು, ಕೇಳಲು ಅಭಿಮಾನ.
ಏನೋ ಹುಡುಕುವವಳಂತೆ ಬಗ್ಗಿ
ಎತ್ತಿ ಕೂರಿಸು.

ಅಂಚು ತುಂಬಿತು.
ನಾನು ಬೆಳಗ್ಗೆ ಬಂದಾಗ ಪ್ರಯಾಣಿಕರ ಲೆಕ್ಕ ಆಮೇಲೆ ಹೇಳು,
ಮೊದಲು ಮರಳಿನದು.

ರೊಸಾಮೆಲ್